ಗುರುಬಸವ್ವಜ್ಜಿ ತೋರಿಸಿದ ಗುಡ್ಡ

ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗುರುಬಸವ್ವಜ್ಜಿಯ ಜೋಳದ ರೊಟ್ಟಿ ತಿನ್ನದವರಿಲ್ಲ. ಕೊಪ್ಪಳದ ಕಡೆಯವರು. ಮಗಳು ಮಾಧುರಿಯ ಮನೆಗೆ ಬಂದು ಹನ್ನೆರಡು ವರ್ಷವಾಯಿತು. ಒಬ್ಬರೇ ಬಸ್ಸು ಹತ್ತಿ ಗ್ರೋಸರಿಗೆ ಹೋಗುತ್ತಾರೆ, ಕೊತ್ತಂಬರಿ ಬಾಡಿದ್ದರೆ ಅಂಗಡಿಯವನಿಗೆ ಕನ್ನಡದಲ್ಲೇ ಬೈದು ಬರುತ್ತಾರೆ. ಮಂಡ್ಯದ ನನಗೂ ಅವರಿಗೂ ಹೇಗೋ ಹೊಂದಿಕೆಯಾಗಿತ್ತು.

ಅವರ ಊರಿನ ಗುಡ್ಡದ ಮೇಲೆ, ಚಪ್ಪಡಿ ನಿಲ್ಲಿಸಿ ಕಟ್ಟಿದ ಸಾವಿರಾರು ವರ್ಷ ಹಳೆಯ ಗೋರಿಗಳಿವೆ. ಕೊಲ್ಲಿಯಾಚೆಯ ಸ್ಯಾನ್ ಮಟಿಯೋದ ಸಂಶೋಧಕ ಅನುರಾಗ್ ಅವನ್ನೆಲ್ಲ ಡ್ರೋನಿನಿಂದ ಅಳೆದು, ವಿಆರ್ ಕನ್ನಡಕದೊಳಗೆ ಇಡೀ ಗುಡ್ಡವನ್ನೇ ಎಬ್ಬಿಸಿದ್ದ; ಹಾಕಿಕೊಂಡರೆ ಅಲ್ಲೇ ನಡೆದಾಡಿದ ಹಾಗೆ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಬಾರದು. ತನ್ನ ನಕ್ಷೆ ಸರಿಯಿದೆಯೇ ನೋಡಲು ಆ ಗುಡ್ಡದಲ್ಲಿ ಓಡಾಡಿದವರೊಬ್ಬರು ಬೇಕೆಂದ. ಅಜ್ಜಿಯನ್ನು ಕರೆದುಕೊಂಡು ನಾನು ದುಭಾಷಿಯಾಗಿ ಹೋದೆ.

ಕನ್ನಡಕ ಹಾಕಿದ ಐದೇ ನಿಮಿಷಕ್ಕೆ ಅಜ್ಜಿ ಅವನ ತಪ್ಪು ಹಿಡಿದರು. "ಇಲ್ಲಿ ಒರತಿ ಇತ್ತಲ್ಲ, ಎಲ್ಲಿ ಹೋತು? ನೀರಿಲ್ದ ಕಡೆ ಮಂದಿ ಯಾಕ ಇರ್ತಾರ?"

ಅನುರಾಗ್ ಹಿಗ್ಗಿಹೋದ. ಆರು ಶನಿವಾರ ಹೋದೆವು. ಒರತಿ, ಕಾಲುದಾರಿ ಎಲ್ಲ ನಕ್ಷೆ ಸೇರಿದವು.

ಕೊನೆಯ ಶನಿವಾರ ಅಜ್ಜಿ ಒಂದು ಕಲ್ಲಿನ ಮುಂದೆ ನಿಂತುಬಿಟ್ಟರು.

"ಅಕ್ಷಯಾ, ನನ್ ಚೊಚ್ಚಲ ಕೂಸು ಇದರ ಬುಡಕ ಐತಿ. ಕುರಿ ಕಾಯಾಕ ಹೋದಾಗ ಹಡದೆ. ಅಲ್ಲೇ ತೀರಿತು, ಅಲ್ಲೇ ಮಣ್ಣು ಮಾಡಿದೆ. ಮಾಧುರಿಗೂ ಹೇಳಿಲ್ಲ. ಇವಂಗ ಮುಂದ ನಡಿ ಅನ್ನು."

ನಾನು ಹಾಗೇ ಅಂದೆ. ಆದರೆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿ, ವಾಪಸು ಒಳಗೆ ಹೋಗಿ ಅನುರಾಗನಿಗೆ ಎಲ್ಲ ಹೇಳಿದೆ. ಆ ಜಾಗವನ್ನು ಮಾತ್ರ ಯಾರಿಗೂ ತೋರಿಸಬೇಡ ಎಂದು ಕೇಳಿಕೊಂಡೆ. ಅವನ ಕಣ್ಣು ತುಂಬಿತು. "ಪ್ರಾಮಿಸ್, ಆಂಟಿ," ಎಂದ.

ಆ ಪ್ರಾಮಿಸ್ಸಿನ ಬಂಡವಾಳ, ಅವನು ಗುಡ್ಡವನ್ನು ಜನರಿಗೆ ತೋರಿಸಿದ ಪ್ರದರ್ಶನದ ದಿನ ಗೊತ್ತಾಯಿತು. ಗುಡ್ಡವೆಲ್ಲ ಬಿಸಿಲಲ್ಲಿ ಹೊಳೆಯುತ್ತಿದ್ದರೆ ಆ ಒಂದು ಕಲ್ಲಿನ ಸುತ್ತ ಬೂದು ಬಣ್ಣದ ವೃತ್ತ. ಮೇಲೊಂದು ಫಲಕ: 'ಕುಟುಂಬದ ಕೋರಿಕೆಯಂತೆ ಮರೆಮಾಡಲಾಗಿದೆ.' ಬಚ್ಚಿಟ್ಟಿದ್ದೇವೆ ಎಂದು ಬೋರ್ಡು ಹಾಕುವ ಬುದ್ಧಿವಂತರು! ಕನ್ನಡಕ ಹಾಕಿದವರೆಲ್ಲ ಅಲ್ಲಿಗೇ ನುಗ್ಗಿದರು. ಯಾವ ಕುಟುಂಬ ಎಂದು ಯಾರೋ ಕೇಳಿದರು. ಅನುರಾಗ್ ಮೈಕಿನಲ್ಲಿ ಕೂಸಿನ ಕಥೆಯನ್ನು ಗದ್ಗದನಾಗಿ ಹೇಳಿ, ಮುಂದಿನ ಸಾಲಿನಲ್ಲಿದ್ದ ಅಜ್ಜಿಯತ್ತ ಕೈ ತೋರಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಜ್ಜಿಯ ಪಕ್ಕದಲ್ಲಿದ್ದ ಮಾಧುರಿ ಕೇಳಿದಳು: "ಅವ್ವಾ, ಯಾವ ಕೂಸು?"

ಅಜ್ಜಿ ಸೆರಗು ಬಿಗಿ ಹಿಡಿದು ಕೂತಿದ್ದರು. ಎಂಥ ನಂಬಿಕೆದ್ರೋಹ! ವೇದಿಕೆಯ ಹತ್ತಿರ ಹೋಗಿ, "ಮಾತು ಕೊಟ್ಟಿದ್ಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ?" ಎಂದು ಎಲ್ಲರೆದುರೇ ಕೂಗಾಡಿದೆ. ಅವನಿಗೆ ಅರ್ಥವಾಗಲಿಲ್ಲವೋ ಏನೋ, ಮೈಕು ಕೆಳಗಿಟ್ಟು "ಆಂಟಿ?" ಎಂದ.

ಅಜ್ಜಿ ಎದ್ದು ಬಂದರು. ನನ್ನ ಮುಖವನ್ನೇ ನೋಡಿದರು.

"ಅವಂಗ ಯಾಕ ಬೈತಿ? ಅವಂಗ ನಾ ಹೇಳಿರಲಿಲ್ಲ. ನಿನಗ ಹೇಳಿದ್ದೆ."