ಸನಾಳನ್ನು ಯಾವ ಸಾಲಿಗೆ ಹಾಕೋದು?

"ಸಿಕ್ಕಬಿದ್ವಿ ನೋಡ್ರಿ ಮೇಡಂ. ಸೀಟ್ ಹೋತು."

ಹೋದ ವಾರ ಬೆಳಿಗ್ಗೆ ಎಂಟು ಗಂಟೆಗೇ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದವರು ಎದುರು ಮನೆಯ ರಫೀಕ್. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಇಮೇಲು. ಬೆನ್ನ ಹಿಂದೆ ಹೆಂಡತಿ ನಸೀಮಾ, ಡ್ಯೂಟಿಗೆ ಹೊರಟ ನರ್ಸ್ ಯೂನಿಫಾರ್ಮಿನಲ್ಲಿ.

ಸಿಕ್ಕಿಬಿದ್ದದ್ದು ಅವರಷ್ಟೇ ಅಲ್ಲ, ನಾನೂ. ಆ ಫಾರ್ಮ್ ತುಂಬಿದವಳು ನಾನೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಸೀಮಾ ಇಂಗ್ಲಿಷ್ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿ, ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿದ್ದಾಳೆ. ಗಂಡ, ಎರಡನೇ ಕ್ಲಾಸಿನ ಮಗಳು ಸನಾ, ಮೂವರೂ ಹೊರಡುವುದು. ವೀಸಾ ಆಯಿತು. ಅಲ್ಲಿ ಇರುವ ಮನೆಯೂ ಗೊತ್ತಾಯಿತು. ಉಳಿದದ್ದು ಒಂದೇ ಪ್ರಶ್ನೆ: ಸನಾಗೆ ಯಾವ ಶಾಲೆ?

ಮನೆಯ ಸಮೀಪ ಒಂದು ಸರ್ಕಾರಿ ಶಾಲೆ ಇದೆ. ಫೀ ಇಲ್ಲ. ಬಸ್ಸು ಹಿಡಿದು ಹೋದರೆ ಒಂದು ಖಾಸಗಿ ಶಾಲೆ. ಅದರ ಫೀ ನಸೀಮಾಳ ಸಂಬಳದ ದೊಡ್ಡ ಪಾಲನ್ನು ನುಂಗುವಂಥದ್ದು. ಇದರಲ್ಲಿ ಯೋಚಿಸುವಂಥದ್ದೇನಿದೆ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

"ಇಲ್ಲೇ ಸರ್ಕಾರಿ ಸಾಲಿಗೆ ಹಾಕ್ಲಿಲ್ಲ, ಅಷ್ಟ್ ದೂರ ಹೋಗಿ ಹಾಕೂದೇನ್ರಿ?" ಎಂದರು ರಫೀಕ್. "ನಮ್ಮ ಅಮ್ಮಾ ಕದರಮಂಡಲಗ್ಯಾಗ ಮಂದಿ ಮುಂದ ಏನ್ ಹೇಳ್ಬೇಕು? ಫೋಟೋದಾಗ ಕೊಳ್ಳಾಗ ಟೈ ಆದ್ರೂ ಕಾಣಬೇಕಲ್ರಿ!"

"ಹೌದೌದು, ಟೈಗೆ ಪಗಾರ ಕೊಡಾಕ ನಾ ಅಲ್ಲಿಗೆ ಹೋಗಾಕತ್ತೇನಿ," ಎಂದಳು ನಸೀಮಾ.

ನಕ್ಕೆವು. ಆದರೆ ರಫೀಕ್ ನಗಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವರು ಓದಿದ್ದು ಸರ್ಕಾರಿ ಉರ್ದು ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಸನಾಳನ್ನು ಇಲ್ಲಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸುವಾಗ ತಂದೆತಾಯಿಗೂ ಇಂಟರ್‌ವ್ಯೂ ಇತ್ತು. ನಸೀಮಾ ಮಗಳ ಕೈಹಿಡಿದು ಒಳಗೆ ಹೋದಳು. ರಫೀಕ್ ಗೇಟಿನ ಹೊರಗೆ ಬೈಕಿನ ಪಕ್ಕ ನಿಂತರು. ಒಳಗೆ ಕೇಳಿದರೆ ಊರಲ್ಲಿಲ್ಲ ಅಂತ ಹೇಳು ಎಂದು ಹೆಂಡತಿಗೆ ಹೇಳಿಕೊಟ್ಟಿದ್ದರು. ಮಗಳಿಗೆ ಆ ಗತಿ ಬರಬಾರದು ಎನ್ನುವ ಮನುಷ್ಯನನ್ನು ಜಂಬದವನು ಎಂದು ಹೇಗೆ ಕರೆಯುವುದು?

ಕೊನೆಗೆ ಎರಡೂ ಕಡೆ ಅರ್ಜಿ ಹಾಕುವುದೆಂದಾಯಿತು. ನಾನು ಹಾವೇರಿಯ ಕಾಲೇಜಿನಲ್ಲಿ ಪಾಠ ಮಾಡುವವಳು, ಮನೆಯಲ್ಲಿ ಲ್ಯಾಪ್‌ಟಾಪ್ ಇದೆ. ಹಾಗಾಗಿ ಒಂದು ಭಾನುವಾರ ಫಾರ್ಮುಗಳು ನನ್ನ ಟೇಬಲ್ಲಿಗೆ ಬಂದವು.

ಸರ್ಕಾರಿ ಶಾಲೆಯ ಫಾರ್ಮಿನಲ್ಲಿ ಒಂದು ಪ್ರಶ್ನೆ: ಮಗು ಮನೆಯಲ್ಲಿ ಆಡುವ ಭಾಷೆ ಯಾವುದು?

ಅಡುಗೆಮನೆಯಿಂದ ಸನಾ ಕನ್ನಡದಲ್ಲಿ ನಮ್ಮವ್ವನ ಹತ್ತಿರ ಚಕ್ಕುಲಿ ಕೇಳುತ್ತಿದ್ದದ್ದು ನನ್ನ ಕಿವಿಗೆ ಬೀಳುತ್ತಲೇ ಇತ್ತು. ಪಕ್ಕದಲ್ಲಿ ಗಂಡ ಹೆಂಡತಿ ಉರ್ದುವಿನಲ್ಲಿ ಗುಸುಗುಸು ಮಾತಾಡುತ್ತಿದ್ದರು. ನಾನು "ಇಂಗ್ಲಿಷ್" ಎಂದು ಟೈಪ್ ಮಾಡಿದೆ.

ಯಾರೂ ಹೇಳಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ. ನಮ್ಮೂರಿನ ಅಡ್ಮಿಷನ್ ಫಾರ್ಮಿಗೆ ಬೇರೆ ಉತ್ತರ ಇರುತ್ತದೆಯೇ? ನೀವಾದರೂ ಏನು ಬರೆಯುತ್ತಿದ್ದಿರಿ?

(ಈ ಅಂಕಣದಲ್ಲಿ ನನ್ನ ವಿಷಯ ಬರೆಯುವುದು ಕಡಿಮೆ. ಇವತ್ತು ಒಂದು ಮಾತು ಬರೆಯಲೇಬೇಕು. ನಾನು ಓದಿದ್ದು ಬ್ಯಾಡಗಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಇಡೀ ಕ್ಲಾಸು ಸೀನುತ್ತಿತ್ತು. ಎಂ.ಎ. ಓದುವಾಗ ಎರಡು ವರ್ಷ ಒಂದೇ ರೂಮಿನಲ್ಲಿದ್ದ ಗೆಳತಿಗೂ ನಾನು ಇದನ್ನು ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ ಎನ್ನುವುದು ನನ್ನ ಸಮಜಾಯಿಷಿ.)

ಅದೇ ಫಾರ್ಮಿನ ಕೊನೆಯಲ್ಲಿ, ಮಗುವಿನ ಬಗ್ಗೆ ನಮಗೆ ತಿಳಿದಿರಬೇಕಾದದ್ದು ಏನಾದರೂ ಇದೆಯೇ ಎಂದಿತ್ತು. ನಸೀಮಾ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ, "ಮನ್ಯಾಗ ಬಾಯಿ ಮುಚ್ಚಂಗಿಲ್ಲ, ಕ್ಲಾಸಿನ್ಯಾಗ ಬಾಯಿ ತೆಗ್ಯಂಗಿಲ್ಲ ಅಂತ ಬರೀರಿ. ಇಂಗ್ಲಿಷ್ ಅಂದ್ರ ಅಂಜತಾಳ," ಎಂದಳು. ಬರೆದೆ. ಸನಾಳ ಶಾಲೆಯ ಡೈರಿ ನಾನು ನೋಡಿದ್ದೆ. ವಾರಕ್ಕೆ ಎರಡು ಸಲವಾದರೂ ಕೆಂಪು ಪೆನ್ನಿನ ಒಂದೇ ಸಾಲು ಇರುತ್ತಿತ್ತು: ಕ್ಲಾಸಿನಲ್ಲಿ ಕನ್ನಡ ಮಾತಾಡುತ್ತಾಳೆ. ಇತ್ತೀಚೆಗೆ ಆ ಸಾಲು ನಿಂತಿದೆ. ಅವಳು ಈಗ ಕ್ಲಾಸಿನಲ್ಲಿ ಯಾವ ಭಾಷೆಯನ್ನೂ ಮಾತಾಡುವುದಿಲ್ಲ.

ಮನೆಯಲ್ಲಿ ಇಂಗ್ಲಿಷ್, ಆದರೆ ಇಂಗ್ಲಿಷ್ ಅಂದರೆ ಅಂಜಿಕೆ! ಇದನ್ನು ಓದಿದ ಯಾರಿಗಾದರೂ ಅನುಮಾನ ಬರದೇ ಇರುತ್ತದೆಯೇ? ಬಂತು. ಅದೇ ಆ ಬೆಳಗಿನ ಇಮೇಲು.

"ಸುಳ್ಳ ಬರದ್ವಿ ಅಂತ ಬೈದಾರೇನ್ರಿ?" ರಫೀಕ್ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಡ್ಯೂಟಿಯ ಅವಸರದಲ್ಲಿ ನಸೀಮಾ ಮೊದಲೆರಡು ಸಾಲಷ್ಟೇ ಓದಿ ಹೇಳಿದ್ದಳಂತೆ.

ಓದಿದೆ. ಬೈದಿರಲಿಲ್ಲ. ಮನೆಯಲ್ಲಿ ಬೇರೆ ಭಾಷೆ ಇದ್ದರೆ ದಯವಿಟ್ಟು ತಿಳಿಸಿ, ಇಂಗ್ಲಿಷ್ ಹೊಸದಾಗಿರುವ ಮಕ್ಕಳ ಪಕ್ಕದಲ್ಲಿ ಕೂತು ಕಲಿಸಲು ನಮ್ಮಲ್ಲಿ ಒಬ್ಬ ಟೀಚರ್ ಇದ್ದಾರೆ, ನೀವು ಬರೆದದ್ದೇ ಸರಿಯಾದರೆ ಸನಾಗೆ ಆ ಸಹಾಯ ಬೇಕಾಗುವುದಿಲ್ಲ ಎಂದುಕೊಳ್ಳುತ್ತೇವೆ ಎಂದಿತ್ತು. ಎರಡು ದಿನ ಬಿಟ್ಟು ಒಂದು ವಿಡಿಯೋ ಕಾಲ್ ಮಾಡೋಣವೇ ಎಂದೂ ಕೇಳಿದ್ದರು.

ಒಂದು ಪದ ಟೈಪ್ ಮಾಡಿ ನಾನು ಆ ಹುಡುಗಿಯ ಪಕ್ಕದ ಟೀಚರನ್ನು ಎಬ್ಬಿಸಿ ಕಳಿಸಿಬಿಟ್ಟಿದ್ದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು.

ಕಾಲ್ ದಿನ ರಫೀಕ್ ಅಂಗಡಿ ಬೇಗ ಮುಚ್ಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಮ್ಮ ಮನೆಗೆ ಬಂದರು. ಬಂದವರು ಬಾಗಿಲ ಹೊರಗೇ ನಿಂತರು. ಕ್ಯಾಮೆರಾಗೆ ಕಾಣದ ಜಾಗ ಲೆಕ್ಕ ಹಾಕಿ.

ತೆರೆಯ ಮೇಲೆ ಬಂದದ್ದು ಕನ್ನಡಕ ತಲೆಮೇಲೇರಿಸಿಕೊಂಡ ಒಬ್ಬ ಹಿರಿಯ ಟೀಚರ್. ನಿನಗೆ ಏನು ಇಷ್ಟ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸನಾ ತಲೆ ತಗ್ಗಿಸಿದಳು. ಅವರು ನಸೀಮಾಗೆ ಏನೋ ಹೇಳಿದರು. ನಸೀಮಾ ಮಗಳ ಕಡೆ ತಿರುಗಿ, "ನಿನಗ ಯಾವ ಭಾಷಾ ಬರತೈತಿ ಅದರಾಗ ಹೇಳು ಅಂತಾರವಾ," ಎಂದಳು.

ಸನಾ ಬಾಗಿಲ ಹೊರಗಿದ್ದ ಅಪ್ಪನ ಕಡೆ ನೋಡಿದಳು. "ಅಬ್ಬಾ, ಹೇಳ್ಲೇನು?"

"ಹೇಳು," ಎಂದರು ಹೊರಗಿನಿಂದ ರಫೀಕ್.

ಶುರುವಾಯಿತು ನೋಡಿ! ಕದರಮಂಡಲಗಿಯ ದಾದಿಯ, ಅಂದರೆ ಅಜ್ಜಿಯ, ಮನೆಯ ಆಡು ಎರಡು ಮರಿ ಹಾಕಿದ್ದು, ಅದರಲ್ಲಿ ಕರೇದು ಭಾಳ ಕಿಡಿಗೇಡಿಯಾಗಿದ್ದು, ಅದು ದಾದಿ ತಲೆಗೆ ಹೊದೆಯುವ ಹೊಸ ಓಡ್ನಿ ತಿಂದದ್ದು, ದಾದಿ ಚಪ್ಪಲಿ ಹಿಡಿದು ಅದರ ಹಿಂದೆ ಓಡಿದ್ದು. ಅರ್ಧ ಕನ್ನಡ, ಅರ್ಧ ಉರ್ದು, ಉಳಿದದ್ದು ಕೈಕಾಲು. ಟೀಚರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಆದರೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಸೀಮಾಳಿಂದ ಅರ್ಥ ಕೇಳಿ ಜೋರಾಗಿ ನಕ್ಕರು. ಆ ಮರಿಯ ಹೆಸರೇನು ಎಂದು ಕೇಳಿದರು. ಆಮೇಲೆ, ಹೊರಗಿನಿಂದ ದನಿ ಕೊಟ್ಟವರು ಅಪ್ಪ ಇರಬೇಕಲ್ಲ, ಅವರೂ ಬಂದು ಕೂರಲಿ ಎಂದರು.

ರಫೀಕ್ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಗಳ ಇಂಟರ್‌ವ್ಯೂನಲ್ಲಿ ಮೊದಲ ಸಲ.

ಅಲ್ಲಿನ ಸರ್ಕಾರಿ ಶಾಲೆಗಳೆಲ್ಲ ಹೀಗೇ ಎಂದು ನಾನು ಹೇಳಲಾರೆ. ಆ ಖಾಸಗಿ ಶಾಲೆಯವರೂ ಒಳ್ಳೆಯವರೇ ಇರಬಹುದು. ಅವರು ಕಳಿಸಿದ್ದು ಒಂದು ಟೆಸ್ಟಿನ ತಾರೀಖು ಮತ್ತು ಪೋಷಕರ ಇಂಟರ್‌ವ್ಯೂ ಎಂಬ ಎರಡು ಪದ. ರಫೀಕ್ ಅದನ್ನು ಇನ್ನೊಮ್ಮೆ ತೆಗೆದು ನೋಡಲಿಲ್ಲ.

"ಇದಕ್ಕ ಹಾಕೂಣು," ಎಂದರು. ಹೆಂಡತಿಯ ಕಡೆ ತಿರುಗಿ, "ಅಮ್ಮಾಗ ಮಾತ್ರ ಸರ್ಕಾರಿ ಅಂತ ಹೇಳಬ್ಯಾಡ. ಚಲೋ ಸಾಲಿ ಅಂತ ಅಷ್ಟ ಹೇಳು."

"ಖರೇನ ಹೇಳ್ದಂಗಾತು ಬಿಡ್ರಿ," ಎಂದಳು ನಸೀಮಾ.

ನಾನು ಫಾರ್ಮ್ ತೆರೆದು "ಇಂಗ್ಲಿಷ್" ಅಳಿಸಿದೆ. ಉರ್ದು, ಕನ್ನಡ ಎಂದು ಬರೆದೆ. ಜಾಗ ಸಾಕಾಯಿತು.

ಪಕ್ಕದಲ್ಲೇ ನಿಂತು ನೋಡುತ್ತಿದ್ದ ಸನಾಗೆ ಮಾತ್ರ ಒಂದು ಚಿಂತೆ ಉಳಿದಿತ್ತು.

"ಅಕ್ಕಾ, ಆ ಮಿಸ್‌ಗೆ ಕನ್ನಡನೂ ಬರಂಗಿಲ್ಲ, ಉರ್ದುನೂ ಬರಂಗಿಲ್ಲ. ಅವರ ಡೈರಿಯಾಗ ಕೆಂಪು ಪೆನ್ನಿಲೆ ಯಾರ್ ಬರೀತಾರ?"