ಹೋಗಾಕ ಮೂರೂವರಿ ತಾಸು, ಬರಾಕ ಎಂಟು

ಶಹಾಪುರದಲ್ಲಿ ನನ್ನದೊಂದು ಟಿಕೆಟ್ ಬುಕ್ಕಿಂಗ್ ಅಂಗಡಿ. ಬಳೆ ಮಾರುವ ಖಾಜಾಬಿ ಉಮ್ರಾ ಯಾತ್ರೆಗೆಂದು ಹೈದರಾಬಾದಿನಿಂದ ಜೆಡ್ಡಾಕ್ಕೆ ನನ್ನ ಹತ್ತಿರವೇ ಟಿಕೆಟ್ ತೆಗೆಸಿದ್ದರು. ಮರುದಿನ ಅದನ್ನು ಹಿಡಿದುಕೊಂಡು ವಾಪಸ್ ಬಂದರು.

"ಹೋಗೋದು ಮುಂಜಾನಿ ಹತ್ತಕ್ಕ ಬಿಟ್ಟು ಒಂದೂವರಿಗೆ ಮುಟ್ತದ. ಬರೋದು ಎಂಟಕ್ಕ ಬಿಟ್ಟು ಸಂಜಿ ನಾಕಕ್ಕ. ಹೋಗಾಕ ಮೂರೂವರಿ ತಾಸು, ಬರಾಕ ಎಂಟು ತಾಸು ಹೆಂಗ್ರಿ? ನಂಗ ಮೊಣಕಾಲು ಬ್ಯಾನಿ, ಅಷ್ಟೊತ್ತು ಕುಂದ್ರಾಕ ಆಗಂಗಿಲ್ಲ. ಹೋಗೋ ವಿಮಾನದಾಗೇ ವಾಪಸ್ ಕಳಸಾಕ ಹೇಳ್ರಿ."

"ದೂರ ಅಷ್ಟೇ ಅದರಿ, ಎರಡೂ ಸಲ ಸುಮಾರು ಆರು ತಾಸು. ಅಲ್ಲಿ ಗಡಿಯಾರ ನಮ್ಮದಕ್ಕಿಂತ ಎರಡೂವರಿ ತಾಸು ಹಿಂದ ಇರ್ತದ," ಅಂದೆ.

"ಯಾದಗಿರಿ ಬಸ್ಸು ಹೋಗಾಕೂ ಒಂದು ತಾಸು, ಬರಾಕೂ ಒಂದು ತಾಸು. ಈ ವಿಮಾನಕ್ಕ ಏನಾಗ್ಯದ?"

ಬೆರಳು ಮಡಚಿ ಲೆಕ್ಕ ತೋರಿಸಹೋದೆ. ಕಳೆಯುವಲ್ಲಿ ಕೂಡಿಸಿ, ಬರುವ ವಿಮಾನವನ್ನು ಹತ್ತೂವರೆ ತಾಸು ಹಾರಿಸಿಬಿಟ್ಟೆ. ಖಾಜಾಬಿ ಹೌಹಾರಿದರು. ನನಗೂ ತಲೆ ಕೆಟ್ಟುಹೋಯಿತು.

ಕೊನೆಗೆ ಅವರೇ ದಾರಿ ಹುಡುಕಿದರು. "ಗಡಿಯಾರ ತಿರುವಿದ್ರ ಅಲ್ರೀ ಈ ಗಡಬಡಿ? ನಾ ನಂದು ಮುಟ್ಟಂಗೇ ಇಲ್ಲ. ಶಹಾಪುರದ ಟೈಮ್ ಹಿಡದು ಹೋಗ್ತೀನಿ, ಅದ ಟೈಮ್ ಹಿಡದು ಬರ್ತೀನಿ. ಆಗ ಆರ ತಾಸು, ಹೌದಲ್ರಿ?"

ಹೌದು. ಇಷ್ಟು ಸರಿಯಾಗಿ ಹೇಳಲು ನನಗೇ ಬಂದಿರಲಿಲ್ಲ. ಅವರು ಸಮಾಧಾನದಿಂದ ಎದ್ದು, ನನ್ನ ಗೋಡೆ ಗಡಿಯಾರ ನೋಡಿ ತಮ್ಮ ಕೈಗಡಿಯಾರ ಸರಿ ಮಾಡಿಕೊಂಡು ಹೋದರು.

ಯಾದಗಿರಿ ಬಸ್ಸು ತಪ್ಪಬಾರದೆಂದು ನಾನೇ ಆ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟಿದ್ದೇನೆ. ಅದು ನೆನಪಾಗಿದ್ದು ಅವರ ವಿಮಾನ ಹಾರಿದ ಮೇಲೆ. ಈಗ ಜೆಡ್ಡಾದಲ್ಲಿ ಒಂದು ಕೈಗಡಿಯಾರ ನನ್ನ ಬಸ್ಸಿಗೆ ಅವಸರ ಮಾಡುತ್ತಿದೆ.