ತಲೆ ಬಿಟ್ಟು ಹೋದ ಕಳ್ಳ

ಆ ಬೆಳಿಗ್ಗೆ ನಮ್ಮ ಅಂಗಳಕ್ಕೆ ಒಂದು ಮೀನಿನ ತಲೆ ಬಂದು ಬಿತ್ತು. ಎಸೆದವನು ನನ್ನ ಅಣ್ಣ. ಅವನು ಚಪ್ಪಲಿ ಬಿಡಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ತುಳಸಿಕಟ್ಟೆಯ ಆಚೆ ನಿಂತು, ಒಳಗೆ ಚಹಾ ಕುಡಿಯುತ್ತಿದ್ದ ನನ್ನ ಗಂಡನಿಗೆ ಕೇಳುವ ಹಾಗೆ ಕೂಗಿದ.

"ಮೀನು ಬೇಕಾಗಿದ್ರೆ ಕೇಳಿ ತಕಂಡು ಹೋಗ್ಬೇಕಿತ್ತು ಭಾವಾ. ಮೈ ತಕಂಡು ತಲೆ ಬಲೆಲೇ ಬಿಟ್ಟು ಹೋಗೂದು ಎಂತಾ ಮರ್ಯಾದೆ?"

ಗಂಡ ಲೋಟ ಹಿಡಿದುಕೊಂಡೇ ಹೊರಗೆ ಬಂದರು. "ನಾನು ನಿನ್ನೆ ರಾತ್ರಿ ಇಡೀ ಬಿಣಗಾ ಫ್ಯಾಕ್ಟರಿಲಿ ಪಾಳಿ ಮಾಡ್ತಿದ್ದೆ ಮಾರಾಯಾ. ಈಗ ಬಂದು ಕೂತದ್ದು."

"ಪಾಳಿ ಬದಲಿ ಮಾಡೂಕೆ ಯಾರಿಗೂ ಬರೂದಿಲ್ವಾ?" ಎಂದವನೇ ಅಣ್ಣ ತಿರುಗಿ ನಡೆದ. ನನ್ನ ಕಡೆ ನೋಡಲೂ ಇಲ್ಲ.

ಮೀನಿನ ತಲೆ ಯಾಕೆ ಅಷ್ಟು ದೊಡ್ಡ ಸಂಗತಿಯಾಯಿತು ಎಂದು ಹೇಳಬೇಕು. ನನ್ನ ತವರು ಹಳ್ಳದ ಆಚೆ, ಹಾರವಾಡದ ಬದಿಗೆ. ಕೊಟ್ಟ ಮನೆ ಹಳ್ಳದ ಈಚೆ. ಅಡುಗೆಮನೆಯ ಕಿಟಕಿಯಿಂದ ತವರಿನ ತೆಂಗಿನ ಮರಗಳು ಕಾಣುತ್ತವೆ. ಎರಡೂ ಮನೆಗಳಿಗೆ ಹಳ್ಳದ ಅಂಚಿನಲ್ಲಿ ಅಕ್ಕಪಕ್ಕದಲ್ಲೇ ಗಜನಿ ಇದೆ. ಗಜನಿ ಎಂದರೆ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆ. ಕೊಯ್ಲು ಮುಗಿದ ಮೇಲೆ ತೂಬಿನ ಬಾಗಿಲು ತೆಗೆದು ಕಡಲು ಉಬ್ಬುವ ಭರತದ ನೀರು ಒಳಗೆ ಬಿಡುತ್ತೇವೆ. ನೀರಿನ ಜೊತೆ ಶೆಟ್ಲಿ, ಅಂದರೆ ಸಿಗಡಿ ಬರುತ್ತದೆ, ನೊಗಲಿ ಮೀನು ಬರುತ್ತದೆ, ಅದೃಷ್ಟವಿದ್ದರೆ ಮೊಳದುದ್ದದ ಕೆಂಪು ಮೀನೂ ಬರುತ್ತದೆ. ಆಮೇಲೆ ಬೇಸಿಗೆಯವರೆಗೆ ಅದು ಗದ್ದೆಯಲ್ಲ, ಕೆರೆ.

ನನ್ನ ಮದುವೆಯಾದ ವರ್ಷ ಅವ್ವ ಒಂದು ಕಟ್ಟಳೆ ಹಾಕಿದಳು. ಗಜನಿಗೆ ನೀರು ಬಿಟ್ಟ ಮೇಲೆ ಸಿಗುವ ಮೊದಲ ದೊಡ್ಡ ಮೀನಿನ ತಲೆ ಮಗಳ ಮನೆಗೆ ಹೋಗಬೇಕು. "ಗದ್ದೆಲಿ ಅವ್ಳಿಗೆ ಪಾಲಿಲ್ಲ, ಮೀನಲ್ಲಾದ್ರೂ ಇರ್ಲಿ" ಎಂದಿದ್ದಳು. ಬೇರೆ ಮನೆಗಳಲ್ಲಿ ಹೀಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಕಡೆ ತಲೆಯೆಂದರೆ ಮೀನಿನ ರುಚಿಯೆಲ್ಲ ಅಲ್ಲೇ. ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಹಾಕಿ ಸಾರು ಮಾಡಿದರೆ ಮನೆಯ ಮಂದಿ ತಲೆಗಾಗಿ ಜಗಳವಾಡುತ್ತಾರೆ. ಅವ್ವ ಹೋದ ಮೇಲೂ ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆ ವರ್ಷ ಮಾತ್ರ ಮೊದಲಿನಿಂದಲೇ ಹೊಗೆಯಾಡುತ್ತಿತ್ತು. ಎರಡು ಗಜನಿಗಳ ನಡುವಿನ ಒಡ್ಡು ಮಳೆಗೆ ಕುಸಿದಿತ್ತು. ನನ್ನ ಗಂಡ ಪಾಳಿಯ ನೆಪ ಹೇಳಿ ಮಣ್ಣು ಹಾಕಲು ಹೋಗಲಿಲ್ಲ, ಅಣ್ಣ ಒಬ್ಬನೇ ಹಾಕಿದ. ಅದಾದ ಮೇಲೆ ಅಣ್ಣ ಗಜನಿಯಲ್ಲಿ ಸಂಜೆ ಕಟ್ಟಿಟ್ಟ ಬಲೆಯಲ್ಲಿ ದಿನಾ ಬೆಳಿಗ್ಗೆ ಮೈಯಿಲ್ಲದ ತಲೆಗಳು ನೇತಾಡತೊಡಗಿದವು. ಅಣ್ಣ ಲೆಕ್ಕ ಹಾಕಿದ್ದು ಹೀಗೆ: ಬರೀ ಕಳ್ಳನಾದರೆ ಇಡೀ ಮೀನು ಒಯ್ಯುತ್ತಿದ್ದ. ತಲೆ ಬಿಟ್ಟು ಹೋಗುವವನು ಏನೋ ಹೇಳಲಿಕ್ಕೆ ಬಿಟ್ಟು ಹೋಗುತ್ತಾನೆ. 'ನೀನು ನಮ್ಮನೆಗೆ ಕಳಿಸುವುದು ತಲೆ ತಾನೇ, ತಗೋ ನಿನ್ನ ತಲೆ' ಎಂದು ಭಾವ ಅಣಕಿಸುತ್ತಿದ್ದಾನೆ. ಈ ಭೂಮಿಯ ಮೇಲೆ ಇಂಥ ಅರ್ಥ ಹಚ್ಚುವ ಮನೆ ನಮ್ಮದೊಂದೇ ಇರಬೇಕು.

ನನಗೆ ಕೆಟ್ಟ ಸಿಟ್ಟು ಬಂತು. ಗಂಡನ ಮೇಲೆ ಸಂಶಯ ನನಗೆ ಒಂದು ಕ್ಷಣವೂ ಬರಲಿಲ್ಲ. ಅವರು ಮೀನಿನ ತಲೆ ಬಿಟ್ಟು ಬರುವ ಪೈಕಿಯವರೇ ಅಲ್ಲ. ಊಟದಲ್ಲಿ ನನ್ನ ಪಾಲಿನ ತಲೆಗೂ ಕೈ ಹಾಕುವವರು. ಇದನ್ನು ಅತ್ತಿಗೆಗೆ ಫೋನು ಮಾಡಿ ಹೇಳಿದೆ. ಅವಳು ನಕ್ಕಳು, ಆದರೆ ಅಣ್ಣ ನಗಲಿಲ್ಲ. ಆ ವರ್ಷ ತವರಿನಿಂದ ತಲೆ ಬರಲಿಲ್ಲ. ಕಿಟಕಿಯ ಆಚೆ ತೆಂಗಿನ ಮರಗಳನ್ನು ನೋಡುವುದೇ ನನಗೆ ಕಷ್ಟವಾಗತೊಡಗಿತು.

ನನ್ನ ಕೆಲಸ ಕಾರವಾರದ ಒಂದು ಕಚೇರಿಯಲ್ಲಿ. ಒಂದು ಮಧ್ಯಾಹ್ನ ಕೆಲಸದ ಮೇಲೆ ಕೋಡಿಬಾಗಕ್ಕೆ ಹೋದವಳು, ಬಸ್ಸಿಗೆ ಹೊತ್ತಿದೆ ಎಂದು ಕಾಳಿ ಹೊಳೆಯ ದಡಕ್ಕೆ ನಡೆದೆ. ಅಲ್ಲಿ ಹೆಂಗಸೊಬ್ಬಳು ಬಲೆ ಹರವಿ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದಳು. ಮಾತಿಗೆ ಎಳೆದೆ. "ನೀರ್ನಾಯಿ ಕಾಟ ಬಾಯೀ. ಮೈ ತಿಂತದೆ, ತಲೆ ಕಣ್ಣಲ್ಲೇ ಸಿಕ್ಕಂಡಿರ್ತದೆ" ಎಂದಳು.

ನನ್ನ ಕಿವಿ ನೆಟ್ಟಗಾಯಿತು. ಅವಳು ದಡದ ಉಪ್ಪುನೀರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳ ಕಡೆ ಕೈ ತೋರಿಸಿದಳು. ಬೇರುಗಳ ನಡುವೆ ಕಂದು ಬಣ್ಣದ ಚಪ್ಪಟೆ ತಲೆಯೊಂದು ಎದ್ದಿತು, ಪಕ್ಕದಲ್ಲಿ ಇನ್ನೊಂದು. ಮುಂಗಾಲುಗಳಲ್ಲಿ ಮೀನು ಹಿಡಿದು, ಕಣ್ಣು ಮುಚ್ಚಿ ಕಚಕಚ ಅಗಿಯುತ್ತಿದ್ದವು. ಬಸ್ಸು ಹೋಯಿತು, ನಾನು ಹೋಗಲಿಲ್ಲ.

ನಾನು ಹುಡುಗಿಯಾಗಿದ್ದಾಗ ಅಜ್ಜ ನೀರುನಾಯಿಯ ಸುದ್ದಿ ಹೇಳುತ್ತಿದ್ದ. ಆದರೆ ಅಣ್ಣನಾಗಲಿ ನಾನಾಗಲಿ ಒಂದನ್ನೂ ಕಂಡಿರಲಿಲ್ಲ. ಹೊಳೆಯಲ್ಲಿ ಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯುವವರು, ಮರಳು ತೆಗೆಯುವವರು, ಕಾಂಡ್ಲಾ ಕಡಿದು ಒಲೆಗೆ ಹಾಕುವವರು ಎಲ್ಲ ಸೇರಿ ಅವುಗಳಿಗೆ ಜಾಗವಿಲ್ಲದ ಹಾಗೆ ಮಾಡಿದ್ದರು. ಈಗ ಕಾಂಡ್ಲಾ ಮತ್ತೆ ಬೆಳೆದಿದೆ, ತೋಟೆಯ ಸದ್ದು ನಿಂತಿದೆ. ಕಾಳಿಗೆ ಬಂದದ್ದು ನಮ್ಮ ಹಳ್ಳಕ್ಕೆ ಬರಬಾರದೇ? ಒಂದು ತಲೆಮಾರು ನೋಡದೇ ಇದ್ದದ್ದಕ್ಕೆ ನಾವು ಮನುಷ್ಯನನ್ನೇ ಕಳ್ಳ ಮಾಡಿಬಿಟ್ಟಿದ್ದೆವು.

ಮರುದಿನ ರಜೆ ಹಾಕಿ, ಬೆಳಕು ಹರಿಯುವ ಹೊತ್ತಿಗೆ ತವರಿನ ಹಿತ್ತಲಿಗೆ ಹೋದೆ. ಅಣ್ಣ ಹಲ್ಲುಜ್ಜುತ್ತಿದ್ದ.

"ಎಂತಕ್ಕೆ ಬಂದೆ?"

"ಕಳ್ಳನ್ನ ತೋರ್ಸೂಕೆ. ಬಾಯಿ ತೊಳ್ಕ, ಬಾ."

ಅವನು ಬರುವುದಿಲ್ಲವೆಂದ. ಅತ್ತಿಗೆ ಒಳಗಿನಿಂದಲೇ "ಹೋಗ್ಬನ್ನಿ, ಗಂಟೇನು ಹೋಗೂದಿಲ್ಲ" ಎಂದಳು. ನಮ್ಮಿಬ್ಬರ ಎದುರು ಅವನ ಆಟ ಎಂದೂ ನಡೆದದ್ದಿಲ್ಲ.

ಒಡ್ಡಿನ ಮೇಲೆ ನಡೆದೆವು. ತೂಬಿನ ಹತ್ತಿರ ಹಸಿ ಮಣ್ಣಿನಲ್ಲಿ ಅಗಲ ಪಾದದ ಗುರುತುಗಳಿದ್ದವು. ಪಕ್ಕದಲ್ಲಿ ಹಿಕ್ಕೆ, ಅದರ ತುಂಬ ಮೀನಿನ ಹುರುಪೆ, ಏಡಿಯ ಚಿಪ್ಪು, ಕೊಳೆತ ಶೆಟ್ಲಿಯ ನಾತ. "ಇದು ನಿನ್ನ ಭಾವಂದಾ?" ಎಂದು ಕೇಳಿಯೇಬಿಟ್ಟೆ. ಅಣ್ಣನ ಕಣ್ಣು ಬಲೆಯ ಕಡೆ ಇತ್ತು.

ಬಲೆಯ ಗೂಟ ಅಲುಗುತ್ತಿತ್ತು. ನೀರಿನಿಂದ ದೊಡ್ಡದೊಂದು ನೀರುನಾಯಿ ಅರ್ಧ ಮೈ ಎತ್ತಿ, ಸಿಕ್ಕಿಕೊಂಡಿದ್ದ ಮೀನನ್ನು ಎರಡು ಕೈಯಿಂದ ಹಿಡಿದು, ನಮ್ಮ ಮನೆಯ ಮಂದಿ ಪಂಕ್ತಿಯಲ್ಲಿ ತಿನ್ನುವ ಹಾಗೆಯೇ ಅವಸರವಿಲ್ಲದೆ ತಿಂದಿತು. ಹಿಂದೆ ಮರಿಗಳು ಕೀಚು ಕೀಚು ಎನ್ನುತ್ತಿದ್ದವು. ಮುಗಿದ ಮೇಲೆ ಬಲೆಯಲ್ಲಿ ತಲೆ ಉಳಿಯಿತು. ಅಣ್ಣ ಮಣ್ಣಿನ ಹೆಂಟೆ ಎತ್ತಿಕೊಂಡಿದ್ದ, ಎಸೆಯುವುದು ಮರೆತಿದ್ದ.

"ಇಡೀ ಸಂಸಾರನೇ ಕರ್ಕಂಡು ಬಂದಿದ್ಯಲೇ!" ಎಂದ ಕೊನೆಗೆ. ಆಮೇಲೆ ಹೆಂಟೆ ಎಸೆದ. ಅವು ಮುಳುಗಿದವು, ಬಲೆ ಮತ್ತಷ್ಟು ಹರಿಯಿತು.

ವಾಪಸು ಬರುವಾಗ ಕೇಳಿದ: "ಭಾವ ಮನೇಲಿದ್ದಾರಾ?"

"ಪಾಳಿಗೆ ಹೋಗಿದ್ದಾರೆ."

"ಬಂದ ಮೇಲೆ ಹೇಳು. ಆ ಬದಿ ಒಡ್ಡು ಮತ್ತೆ ಜಗ್ತಾ ಇದೆ. ಇಬ್ರೂ ಸೇರಿ ಮಣ್ಣು ಹಾಕ್ವಾ ಹೇಳಿ."

ನಮ್ಮ ಕಡೆಯ ಗಂಡಸರ ಬಾಯಲ್ಲಿ ಇದಕ್ಕಿಂತ ದೊಡ್ಡ ಕ್ಷಮೆ ಹೊರಡುವುದಿಲ್ಲ. ನನ್ನ ಗಂಡನಿಗೆ ಅದು ಸಾಕಾಯಿತು. ಮುಂದಿನ ರಜೆಗೇ ಇಬ್ಬರೂ ಬುಟ್ಟಿ ಹೊತ್ತರು.

ನೀರುನಾಯಿ ಬಂದದ್ದರಿಂದ ಎಲ್ಲ ಒಳ್ಳೆಯದಾಯಿತು ಎಂದು ನಾನು ಬರೆಯುವುದಿಲ್ಲ. ಬಲೆ ಹರಿಯುತ್ತದೆ, ಮೀನು ಹೋಗುತ್ತದೆ, ಹೊಟ್ಟೆ ಉರಿಯುತ್ತದೆ. ಅಣ್ಣ ಮೊದಲು ಪಟಾಕಿ ಹೊಡೆದ. ಅವು ಪಕ್ಕದ ಗಜನಿಗೆ ಹೋಗಿ, ಸದ್ದು ನಿಂತ ಮೇಲೆ ತಿರುಗಿ ಬಂದವು. ಉರುಳು ಇಡುತ್ತೇನೆಂದಾಗ ಅತ್ತಿಗೆ "ಮರಿ ಇದ್ದದ್ದಕ್ಕೆ ಉರುಳು ಇಟ್ರೆ ನಾನು ಒಲೆ ಹಚ್ಚೂದಿಲ್ಲ" ಎಂದಳು. ಕೊನೆಗೆ ದಾರಿ ಸಿಕ್ಕಿದ್ದು ಅವನು ತನ್ನ ಸೋಮಾರಿತನ ಬದಿಗಿಟ್ಟಾಗ. ಸಂಜೆ ಬಲೆ ಕಟ್ಟಿ ಬೆಳಿಗ್ಗೆ ಹೋಗಿ ಬಿಡಿಸುವ ಅಭ್ಯಾಸ ಬಿಟ್ಟ. ಈಗ ಇಳಿತದ ಹೊತ್ತಿಗೆ ತೂಬಿನ ಬಳಿಯೇ ಕೂತು, ಬಿದ್ದದ್ದನ್ನು ಆಗಲೇ ಎತ್ತುತ್ತಾನೆ. ಮೀನು ತಾಜಾ ಬರುತ್ತದೆ ಎಂದು ಅವನೇ ಹೇಳುತ್ತಾನೆ. ಒಡ್ಡು ಕೊರೆಯುವ ಏಡಿಗಳು ಕಡಿಮೆಯಾಗಿವೆ ಎಂದೂ ಹೇಳುತ್ತಾನೆ. ಅದು ನೀರುನಾಯಿಯ ಪುಣ್ಯವೋ ಇಬ್ಬರು ಸೇರಿ ಹಾಕಿದ ಮಣ್ಣಿನ ಪುಣ್ಯವೋ, ನಾನು ತೀರ್ಪು ಕೊಡುವುದಿಲ್ಲ. ಆದರೆ ತಿನ್ನಲಿಕ್ಕೆ ಏನೂ ಇಲ್ಲದ ಹಳ್ಳಕ್ಕೆ ಅವು ಮರಿ ಕಟ್ಟಿಕೊಂಡು ಬರುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎಲ್ಲ ಸರಿಯಾಯಿತು, ತಲೆಯೊಂದು ಬಿಟ್ಟು. ಅಂಗಳಕ್ಕೆ ತಲೆ ಎಸೆದ ಕೈಯಿಂದ ಮತ್ತೆ ತಲೆ ಕೊಡುವುದು ಹೇಗೆಂದು ಅಣ್ಣನಿಗೆ ತಿಳಿಯುತ್ತಿರಲಿಲ್ಲ. ನೊಗಲಿ ಕಳಿಸಿದ, ಶೆಟ್ಲಿ ಕಳಿಸಿದ. ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿ ಪಡೆದರೆ ಅವ್ವ ಇಟ್ಟ ಪಾಲು ಹೇಗಾದೀತು?

ಮರುವರ್ಷ ಕಗ್ಗದ ಕೊಯ್ಲು ಮುಗಿದು ಗಜನಿಗೆ ನೀರು ಬಿಟ್ಟರು. ಒಂದು ಬೆಳಿಗ್ಗೆ ಅಣ್ಣ ಬಂದ. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಬಿಚ್ಚಿದರೆ ಕೆಂಪು ಮೀನಿನ ದೊಡ್ಡ ತಲೆ, ಕುತ್ತಿಗೆಯ ಅಂಚಿನಲ್ಲಿ ಹಲ್ಲಿನ ಗುರುತು.

"ತೂಬಿನ ಹತ್ರ ಕೂತಲ್ಲೇ ಒಂಚೂರು ಕಣ್ಣು ಹತ್ತಿತ್ತು" ಎಂದ. "ಈ ವರ್ಷದ ಮೊದಲ್ನೇ ಮೀನು ತಂಗೀ. ನನ್ನ ಪಾಲು ಅದು ತಿಂದ್ಕಂಡು ಹೋಯ್ತು. ನಿನ್ನ ಪಾಲು ಬಿಟ್ಟಿದೆ."

ನಾನು ತಲೆಯನ್ನು ಒಳಗೆ ಒಯ್ದು, ಕಚ್ಚಿದ ಅಂಚು ಕೊಯ್ದು ತೆಗೆದು, ಮಸಾಲೆ ಅರೆಯಲು ಕೂತೆ. ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ.